ಹಳೆ ಜಿಪ್ಸಿಯ ಡ್ಯಾಶ್‌ಬೋರ್ಡಿಗೆ ಪೆಟ್ರೋಲ್ ಡಯಲ್, ಟೈಮಿಂಗ್ ಡಯಲ್: ಹಾಕುವುದಾದರೆ ಹೇಗೆ?

ಘಟ್ಟದ ಜಿಪ್ಸಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು 1298 ಸಿಸಿಯ ಹಳೆ ಕಾರ್ಬುರೇಟರ್ ಜಿಪ್ಸಿ. ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಕೂರಿಸಿದ್ದೇವೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಜಾಗದಲ್ಲಿ ಸ್ಪೀಡುಯಿನೋ ಬೋರ್ಡ್ ಇದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಆರ್ಡುಯಿನೋ ಮೆಗಾ ಬಳಸಿ ಮಾಡುವ ಓಪನ್ ಸೋರ್ಸ್ ಇಸಿಯು. ಸರ್ಕ್ಯೂಟೂ ಸಿಗುತ್ತದೆ, ಕೋಡೂ ಸಿಗುತ್ತದೆ, ನಮಗೆ ಬೇಕಾದ ಹಾಗೆ ಬದಲಿಸಬಹುದು.

ಗಾಡಿ ಚೆನ್ನಾಗಿಯೇ ಓಡುತ್ತಿದೆ. ಆದರೆ ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಹಿಂದೆ ಲೋಡ್ ಇದ್ದರೆ ಎರಡನೇ ಗೇರಿನಲ್ಲಿ ಇಂಜಿನ್ ಟಕಟಕ ಅನ್ನುತ್ತದೆ. ಶಿರಸಿಯಿಂದ ಬೆಳಿಗ್ಗೆ ಹೊರಟಾಗ ಇಲ್ಲಿಯ ಏರುಗಳಲ್ಲಿ ಆ ಸದ್ದೇ ಇಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಹಿಡಿದು ಘಟ್ಟದ ತಿರುವಿನಲ್ಲಿ ಟ್ಯೂನ್ ಮಾಡುವುದು ಆಗದ ಮಾತು. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎರಡು ಡಯಲ್ ಹಾಕೋಣ ಅಂತ ಯೋಚನೆ. ಒಂದು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲು, ಹತ್ತು ಶೇಕಡಾ ಆಚೆ ಈಚೆ. ಇನ್ನೊಂದು ಟೈಮಿಂಗ್‌ಗೆ, ಅಂದರೆ ಸ್ಪಾರ್ಕ್ ಯಾವಾಗ ಬರಬೇಕು ಎನ್ನುವುದಕ್ಕೆ, ಐದು ಡಿಗ್ರಿ ಮುಂದೆ ಹಿಂದೆ. ಕೆಳಗೆ ಕರಾವಳಿಯ ಸೆಖೆ, ಮೇಲೆ ತಂಪು, ಒಂದೊಂದು ಬಂಕಿನ ಪೆಟ್ರೋಲ್ ಒಂದೊಂದು ತರ, ಎಲ್ಲದಕ್ಕೂ ಕೈಯಲ್ಲೇ ಹೊಂದಿಸಿಕೊಳ್ಳಬಹುದಲ್ವಾ? ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಿ.

ಹಳೇ ಸ್ಪ್ಯಾನರ್ (ಕುಮಟಾ)

ತಮ್ಮಾ, ಇದು ಹೊಸ ಐಡಿಯಾ ಏನಲ್ಲ, ಕಾರಿನಷ್ಟೇ ಹಳೆಯದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟೇರಿಂಗ್ ಕೆಳಗೆ ಎರಡು ಕಡ್ಡಿ ಇರುತ್ತಿದ್ದವು. ಎಡಗಡೆಯದು ಸ್ಪಾರ್ಕ್ ಟೈಮಿಂಗ್‌ಗೆ, ಬಲಗಡೆಯದು ಥ್ರಾಟಲ್‌ಗೆ. ಕಾರ್ಬುರೇಟರ್‌ನ ಮಿಕ್ಸ್ಚರ್ (ಗಾಳಿಗೆ ಎಷ್ಟು ಪೆಟ್ರೋಲ್ ಎನ್ನುವ ಹದ) ತಿರುಗಿಸಲು ಡ್ಯಾಶ್‌ಬೋರ್ಡಿನಲ್ಲಿ ಬೇರೆ ಗುಬುಟು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಮೊದಲು ಸ್ಪಾರ್ಕ್ ಕಡ್ಡಿಯನ್ನು ಪೂರ್ತಿ ರಿಟಾರ್ಡ್‌ಗೆ, ಅಂದರೆ ಸ್ಪಾರ್ಕ್ ತಡವಾಗುವ ಕಡೆಗೆ, ತರಲೇಬೇಕಿತ್ತು. ಮರೆತರೆ ಇಂಜಿನ್ ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು. ಚಿಕ್ಕ ವಿಮಾನಗಳಲ್ಲಿ ಇವತ್ತಿಗೂ ಕೆಂಪು ಮಿಕ್ಸ್ಚರ್ ಗುಬುಟು ಇದೆ. ಮೇಲೆ ಏರಿದಂತೆ ಪೈಲಟ್ ಅದನ್ನು ಎಳೆದು ಲೀನ್ (ಪೆಟ್ರೋಲ್ ಕಡಿಮೆ) ಮಾಡುತ್ತಾನೆ. ನಮ್ಮ ಪದ್ಮಿನಿ, ಅಂಬಾಸಿಡರ್, ಹಳೆ 800ರ ಚೋಕ್ ಕೂಡ ಪೆಟ್ರೋಲ್ ಡಯಲ್ಲೇ ಅಲ್ವಾ.

ಹಾಗಿದ್ದರೂ ಟೈಮಿಂಗ್ ಕಡ್ಡಿಯನ್ನು ಯಾಕೆ ತೆಗೆದರು ನೋಡು. ಇಂಜಿನ್ ಸ್ಪೀಡ್ ಏರಿದಂತೆ ಸ್ಪಾರ್ಕ್ ಬೇಗ ಬೇಕು, ಅದಕ್ಕೆ ಡೆಲ್ಕೋ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ತೂಕದ ಬಿಲ್ಲೆಗಳು ಬಂದವು. ಲೋಡ್ ಕಡಿಮೆ ಇದ್ದಾಗ ಇನ್ನೂ ಬೇಗ ಬೇಕು, ಅದಕ್ಕೆ ವ್ಯಾಕ್ಯೂಮ್ ಡಬ್ಬಿ ಬಂತು. ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಹೋಗುವಷ್ಟರಲ್ಲಿ ಸ್ಪೀಡೂ ಲೋಡೂ ಹತ್ತು ಸಲ ಬದಲಾಗುತ್ತವೆ. ಕೈಗೆ ಅಷ್ಟು ಚುರುಕು ಎಲ್ಲಿ ಬರುತ್ತದೆ? ಆದ್ದರಿಂದ ಡಯಲ್ ಹಾಕು, ಬೇಡ ಅನ್ನುವುದಿಲ್ಲ. ಟೇಬಲ್ (ಯಾವ ಸ್ಪೀಡು, ಯಾವ ಲೋಡಿಗೆ ಎಷ್ಟು ಪೆಟ್ರೋಲ್, ಎಷ್ಟು ಟೈಮಿಂಗ್ ಎಂದು ಇಸಿಯು ಒಳಗೆ ಬರೆದಿಟ್ಟ ಪಟ್ಟಿ) ಮಾಡುವ ಕೆಲಸವನ್ನು ಮಾತ್ರ ಡಯಲ್‌ಗೆ ಕೊಡಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಟೈಮಿಂಗ್ ಡಯಲ್ ಹಿಂದಕ್ಕೆ ಮಾತ್ರ ತಿರುಗಬೇಕು. ಸೊನ್ನೆಯಿಂದ ರಿಟಾರ್ಡ್ ಕಡೆಗೆ, ಅಷ್ಟೇ. ಅಡ್ವಾನ್ಸ್ ಕಡೆಗೆ, ಅಂದರೆ ಸ್ಪಾರ್ಕ್ ಬೇಗ ಬರುವ ಕಡೆಗೆ, ದಾರಿಯೇ ಇರಬಾರದು.

ಕಾಳಿ ತೀರ (ಕಾರವಾರ)

ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾನು ಎಲೆಕ್ಟ್ರಾನಿಕ್ಸ್ ಕಡೆಯವನು, ಆ ಕಡೆಯಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಘಟ್ಟದ ವಿಷಯ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಏಳು ಶೇಕಡಾ ಆಸುಪಾಸು ಕಡಿಮೆ. ಕಾರ್ಬುರೇಟರ್ ಗಾಡಿಯಲ್ಲಿ ಇದರಿಂದ ಮಿಕ್ಸ್ಚರ್ ಮೂರು ಶೇಕಡಾದಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ, ಸುಮ್ನೆ ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ಮ್ಯಾಪ್ ಸೆನ್ಸರ್ ಇದೆ. ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗೆ ಎಷ್ಟು ಒತ್ತಡ ಇದೆಯೋ ಅದನ್ನೇ ಅಳೆದು ಪೆಟ್ರೋಲ್ ಲೆಕ್ಕ ಹಾಕುತ್ತದೆ. ಹಾಗಾಗಿ ಎತ್ತರದ ಬಹುಪಾಲು ಲೆಕ್ಕ ಅದರಲ್ಲೇ ಬಂದುಹೋಯಿತು. ಸೆಖೆಗೂ ಹಾಗೆಯೇ. ಗಾಳಿ 20 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿಯಾದರೆ ಅದರ ಸಾಂದ್ರತೆ ಆರು ಶೇಕಡಾ ಚಿಲ್ಲರೆ ಇಳಿಯುತ್ತದೆ. ಇನ್‌ಟೇಕ್ ಗಾಳಿಯ ಟೆಂಪರೇಚರ್ ಸೆನ್ಸರ್ ಇರುವುದೇ ಅದಕ್ಕೆ. ಈ ಎರಡು ಕಾರಣಕ್ಕೆ ನೀವು ಡಯಲ್ ತಿರುಗಿಸಬೇಕಾಗಿ ಬಂದರೆ ಬೇರೆಲ್ಲೋ ತಪ್ಪಿದೆ ಎಂದು ಅರ್ಥ.

ಪೆಟ್ರೋಲ್ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ ಬರೀ 9. ಹತ್ತು ಶೇಕಡಾ ಎಥೆನಾಲ್ ಇದ್ದರೆ ಲೆಕ್ಕ 14.1ರ ಹತ್ತಿರ, ಇಪ್ಪತ್ತು ಇದ್ದರೆ 13.5ರ ಹತ್ತಿರ ಬರುತ್ತದೆ. ಅಂದರೆ ಇ10 ಇದ್ದಾಗ ಮಾಡಿದ ಟ್ಯೂನಿಂಗ್ ಮೇಲೆ ಇ20 ಹಾಕಿದರೆ ಗಾಡಿ ನಾಲ್ಕೈದು ಶೇಕಡಾ ಲೀನ್ ಓಡುತ್ತದೆ. ನಿಮ್ಮ ಟೇಬಲ್ ಯಾವಾಗ ಮಾಡಿದ್ದು?

ಇದಕ್ಕೂ ಡಯಲ್‌ಗಿಂತ ಒಳ್ಳೆ ದಾರಿ ಇದೆ. ಪೆಟ್ರೋಲ್ ಪೈಪಿನಲ್ಲಿ ಫ್ಲೆಕ್ಸ್ ಸೆನ್ಸರ್ ಹಾಕಬಹುದು. ಎಥೆನಾಲ್ ಸೊನ್ನೆ ಇದ್ದರೆ 50 ಹರ್ಟ್ಸ್, ಪೂರ್ತಿ ಎಥೆನಾಲ್ ಆದರೆ 150 ಹರ್ಟ್ಸ್ ಸಿಗ್ನಲ್ ಕೊಡುತ್ತದೆ. ಸ್ಪೀಡುಯಿನೋದಲ್ಲಿ ಅದಕ್ಕೆ ಜಾಗ ಮೊದಲೇ ಇದೆ, ಪೆಟ್ರೋಲನ್ನೂ ಟೈಮಿಂಗನ್ನೂ ಅದೇ ಹೊಂದಿಸಿಕೊಳ್ಳುತ್ತದೆ.

ಹಾಗಾದರೆ ಡಯಲ್ ಯಾಕೆ? ನನ್ನ ಪ್ರಕಾರ ಟೇಬಲ್‌ನಲ್ಲಿ ಯಾವ ಜಾಗ ಸರಿಯಿಲ್ಲ ಎಂದು ಹುಡುಕಲು ಅದರಷ್ಟು ಒಳ್ಳೆ ಸಾಧನ ಇಲ್ಲ. ಜೊತೆಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇರಲೇಬೇಕು. ಮಾಮೂಲಿ ನ್ಯಾರೋಬ್ಯಾಂಡ್ 0.45 ವೋಲ್ಟ್ ಆಚೆಗೆ ರಿಚ್, ಈಚೆಗೆ ಲೀನ್ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲಿ ಇಟ್ಟುಕೊಳ್ಳಿ. ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಅದು 1, ಅದಕ್ಕಿಂತ ಕಡಿಮೆ ಅಂದರೆ ರಿಚ್, ಹೆಚ್ಚು ಅಂದರೆ ಲೀನ್. ಎಥೆನಾಲ್ ಎಷ್ಟೇ ಇರಲಿ, ಲ್ಯಾಂಬ್ಡಾ 1 ಅಂದರೆ 1 ಅಷ್ಟೇ.

800 ಪ್ರೇಮಿ (ಸಿದ್ದಾಪುರ)

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಇಂಜೆಕ್ಷನ್ ಇರುವ ಮಾರುತಿ 800 ಇದೆ. ಪಿಕಪ್ ಸಾಲದು ಅಂತ ಒಂದು ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ, ಕೂಲೆಂಟ್ ಸೆನ್ಸರ್ ವೈರಿಗೆ ಒಂದು ವಾಲ್ಯೂಮ್ ಕಂಟ್ರೋಲ್ ಹಾಕಿಕೊಡುತ್ತೇವೆ, ತಿರುಗಿಸಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ ಎಂದರು. ಮಾಡಿಸಬಹುದಾ? ಖರ್ಚೂ ಕಡಿಮೆ.

ಕಾಳಿ ತೀರ (ಕಾರವಾರ)

ದಯವಿಟ್ಟು ಮಾಡಿಸಬೇಡಿ. ಆ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಡಿಮೆ. ಸಾಲಿನಲ್ಲಿ ರೆಸಿಸ್ಟೆನ್ಸ್ ಸೇರಿಸಿದರೆ ಇಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ನಂಬುತ್ತದೆ. ಪೆಟ್ರೋಲ್ ಜಾಸ್ತಿ ಹಾಕುತ್ತದೆ ನಿಜ. ಜೊತೆಗೆ ಐಡಲ್ ಏರಿಸುತ್ತದೆ, ತಣ್ಣಗಿನ ಇಂಜಿನ್‌ಗೆ ಬೇಕಾದ ಟೈಮಿಂಗ್ ಕೊಡುತ್ತದೆ. ಫ್ಯಾನನ್ನು ಅದೇ ಸೆನ್ಸರ್ ನೋಡಿ ಓಡಿಸುವ ಗಾಡಿಯಾದರೆ ನೀರು ಕುದಿಯುತ್ತಿದ್ದರೂ ಫ್ಯಾನ್ ಶುರುವಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಘಟ್ಟದ ಮಧ್ಯೆ ಹೆಡ್ ಗ್ಯಾಸ್ಕೆಟ್ ಹೋದರೆ ಆ ಕಡಿಮೆ ಖರ್ಚು ಎಲ್ಲಿಗೆ ಬಂತು?

ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಇನ್ನೊಂದು ಇದೆ. ಒಂದೇ ಸಮ ಓಡಿಸುವಾಗ ಇಸಿಯು ಆ ಸೆನ್ಸರ್ ನೋಡಿಕೊಂಡು ಪೆಟ್ರೋಲನ್ನು ಮತ್ತೆ ಸರಿಮಾಡುತ್ತಲೇ ಇರುತ್ತದೆ. ನೀವು ಡಯಲ್‌ನಲ್ಲಿ ಐದು ಶೇಕಡಾ ಏರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಐದು ಶೇಕಡಾ ಇಳಿಸಿರುತ್ತದೆ. ಪಿಕಪ್ ಕಡಿಮೆ ಅನಿಸಿದರೆ ಮೊದಲು ಏರ್ ಫಿಲ್ಟರ್, ಪ್ಲಗ್, ಪೆಟ್ರೋಲ್ ಪಂಪಿನ ಪ್ರೆಶರ್, ಕಂಪ್ರೆಶನ್ ನೋಡಿಸಿ.

ಘಟ್ಟದ ಜಿಪ್ಸಿ (ಶಿರಸಿ)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ವೈಡ್‌ಬ್ಯಾಂಡ್ ಇದೆ. ಟೇಬಲ್ ಮಾಡಿದ್ದು ನಮ್ಮ ಕಡೆ ಬಂಕಿಗೆ ಇ20 ಬರುವ ಮೊದಲು, ಅಲ್ಲೇ ಒಂದು ಉತ್ತರ ಸಿಕ್ಕಿತು ಅನಿಸುತ್ತದೆ.

ಆದರೆ ಒಂದು ಒಪ್ಪಲು ಕಷ್ಟ. ಟೈಮಿಂಗ್ ಅಡ್ವಾನ್ಸ್ ಕಡೆಗೆ ಯಾಕೆ ಬೇಡ? ಎಥೆನಾಲ್ ಇದ್ದರೆ ಆಕ್ಟೇನ್ ಜಾಸ್ತಿ, ನಾಕಿಂಗ್ (ಆ ಟಕಟಕ) ತಡೆಯುವ ಶಕ್ತಿ ಜಾಸ್ತಿ. ಹಾಗಾದರೆ ಎರಡು ಮೂರು ಡಿಗ್ರಿ ಮುಂದೆ ಹಾಕಿದರೆ ಎಳೆಯುವ ಶಕ್ತಿ ಸಿಗಬೇಕಲ್ವಾ? ಸದ್ದು ಬಂದರೆ ಹಿಂದೆ ತಿರುಗಿಸಿದರಾಯಿತು. ಕಿವಿ ಇದೆ, ಕೈ ಇದೆ.

ಹಳೇ ಸ್ಪ್ಯಾನರ್ (ಕುಮಟಾ)

ಕಿವಿಯ ಮೇಲೆ ನಂಬಿಕೆ ಇಡಬೇಡ ತಮ್ಮಾ. ಕಡಿಮೆ ಸ್ಪೀಡಿನ ನಾಕಿಂಗ್ ಕೇಳುತ್ತದೆ, ನಾಲ್ಕು ಸಾವಿರ ಆರ್‌ಪಿಎಂ ಮೇಲೆ ಸೈಲೆನ್ಸರ್, ಟೈರ್, ಗಾಳಿ, ಜಿಪ್ಸಿಯ ತಗಡಿನ ಗಲಾಟೆ, ಇದರಲ್ಲಿ ಏನೂ ಕೇಳುವುದಿಲ್ಲ. ಪಿಸ್ಟನ್ ತೂತಾಗುವುದು ಅಲ್ಲೇ.

ನನ್ನ ಬೆಂಚಿನ ಮೇಲೆ ಅಂಥದೊಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ, ಕಲಿಯಲು ಬರುವ ಹುಡುಗರಿಗೆ ತೋರಿಸಲು. ಮೇಲ್ಭಾಗದ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಅಲ್ಯುಮಿನಿಯಂ ಹೋಗಿದೆ. ಎರಡು ರಿಂಗಿನ ನಡುವಿನ ಅಂಚು ಬೆರಳಿಟ್ಟರೆ ಅಲ್ಲಾಡುತ್ತದೆ. ಅದೇ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. ಕರಗಿದ ಪಿಸ್ಟನ್ನೇ ಅಲ್ಲಿಗೆ ಹಾರಿ ಅಂಟಿದ್ದು. ನಿನ್ನ ಪ್ಲಗ್ ತೆಗೆದು ಲೆನ್ಸ್ ಹಿಡಿದು ನೋಡು, ಅಂಥ ಚುಕ್ಕೆ ಒಂದು ಕಂಡರೂ ಡಯಲ್ ವಿಚಾರ ಆಮೇಲೆ.

ಅಡ್ವಾನ್ಸ್‌ನಿಂದ ಶಕ್ತಿ ಸಿಗುತ್ತದೆ, ಆದರೆ ಒಂದು ಮಿತಿಯವರೆಗೆ. ಪಿಸ್ಟನ್ ಮೇಲಿನ ತುದಿ ದಾಟಿ ಹದಿನೈದು ಡಿಗ್ರಿ ಆಸುಪಾಸು ಇಳಿದಾಗ ಒತ್ತಡ ಅತಿ ಹೆಚ್ಚಿರಬೇಕು, ಆಗ ಒಳ್ಳೆ ಎಳೆತ. ಆ ಹದದ ಹತ್ತಿರ ಬಂದ ಮೇಲೆ ಕೊನೆಯ ಎರಡು ಮೂರು ಡಿಗ್ರಿಗೆ ಸಿಗುವುದು ಏನೇನೂ ಇಲ್ಲ, ನಾಕಿಂಗ್ ಅಪಾಯ ಮಾತ್ರ ಬೆಳೆಯುತ್ತದೆ. ಪೆಟ್ರೋಲೂ ಹಾಗೆಯೇ. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.86 ಇದ್ದರೂ 0.89 ಇದ್ದರೂ ಎಳೆತದಲ್ಲಿ ಹೆಚ್ಚು ಫರಕು ಸಿಗುವುದಿಲ್ಲ. ಹಾಗಿರುವಾಗ ಡ್ರೈವರ್ ಕೈಗೆ ಅಡ್ವಾನ್ಸ್ ಯಾಕೆ ಕೊಡಬೇಕು? ಬೇಕಾದರೆ ಸಮತಟ್ಟು ರಸ್ತೆಯಲ್ಲಿ, ಲೋಡ್ ಇಲ್ಲದೆ, ಲ್ಯಾಪ್‌ಟಾಪ್ ಹಿಡಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೇಬಲ್‌ನಲ್ಲೇ ಬದಲಿಸು.

ಶರಾವತಿ ಕಡವು (ಹೊನ್ನಾವರ)

ಡೆಲ್ಕೋ ಇರುವ ಗಾಡಿಗಳಿಗೆ ರೆಡಿಮೇಡ್ ಟೈಮಿಂಗ್ ಡಯಲ್ ಡಬ್ಬಿ ಸಿಗುತ್ತವೆ. ಅವುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಆ ಡಬ್ಬಿ ಡೆಲ್ಕೋದಿಂದ ಬಂದ ಸಿಗ್ನಲನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ, ಅಷ್ಟೇ ಅದಕ್ಕೆ ಗೊತ್ತಿರುವುದು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಸುಮಾರು 56 ಮೈಕ್ರೋಸೆಕೆಂಡ್. ಐದು ಡಿಗ್ರಿ ರಿಟಾರ್ಡ್ ಬೇಕೆಂದರೆ 280 ಮೈಕ್ರೋಸೆಕೆಂಡ್ ಕಾಯುತ್ತದೆ. ಇನ್ನೂ ಬರದ ಸಿಗ್ನಲನ್ನು ಮುಂಚೆಯೇ ಬಿಡಲು ಅದಕ್ಕೆ ಆಗುವುದಿಲ್ಲ.

ಹಾಗಾಗಿ ಜನ ಏನು ಮಾಡುತ್ತಾರೆ, ಡೆಲ್ಕೋವನ್ನೇ ಐದು ಡಿಗ್ರಿ ಮುಂದೆ ತಿರುಗಿಸಿ ಬಿಗಿದು, ಡಬ್ಬಿಯಲ್ಲಿ ಐದು ಡಿಗ್ರಿ ಹಿಂದೆ ಇಡುತ್ತಾರೆ. ಆಗ ಡಯಲ್ ಎರಡೂ ಕಡೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಆದರೆ ಡಬ್ಬಿ ತಡ ಮಾಡುವುದನ್ನು ನಿಲ್ಲಿಸಿ ಸಿಗ್ನಲನ್ನು ನೇರ ಬಿಟ್ಟರೆ ಟೈಮಿಂಗ್ ಪೂರ್ತಿ ಐದು ಡಿಗ್ರಿ ಮುಂದೆ ಹಾರುತ್ತದೆ, ಅದೂ ಘಟ್ಟದಲ್ಲಿ ಫುಲ್ ಲೋಡ್ ಇರುವಾಗ ಆಗಬಹುದು. ಯಾವ ವೈರ್ ಕಿತ್ತುಹೋದರೂ ಇಂಜಿನ್ ಉಳಿಯುವ ಕಡೆಗೇ ಹೋಗಬೇಕು. ಅದನ್ನು ಮೊದಲು ಯೋಚಿಸಿ ಆಮೇಲೆ ವೈರ್ ಎಳೆಯಿರಿ.

ಘಟ್ಟದ ಜಿಪ್ಸಿ (ಶಿರಸಿ)

ಸರಿ, ಒಪ್ಪಿದೆ. ಟೈಮಿಂಗ್ ಡಯಲ್ ಸೊನ್ನೆಯಿಂದ ಆರು ಡಿಗ್ರಿ ರಿಟಾರ್ಡ್ ಮಾತ್ರ. ಪ್ಲಗ್ ನಾಲ್ಕೂ ತೆಗೆದು ಲೆನ್ಸ್‌ನಲ್ಲಿ ನೋಡಿದೆ, ಚುಕ್ಕೆ ಇಲ್ಲ, ಬಣ್ಣ ಮಾತ್ರ ಸ್ವಲ್ಪ ಬಿಳಿಚಿದೆ. ವೈರ್ ಕಿತ್ತುಹೋದರೆ ಏನು ಎನ್ನುವುದಕ್ಕೆ ಬೋರ್ಡಿನ ಕಡೆ ಹೇಗೆ ಮಾಡಬೇಕು?

ಕಾಳಿ ತೀರ (ಕಾರವಾರ)

ಡಯಲ್‌ಗೆ 10 ಕಿಲೋಓಮ್ ಪಾಟ್ (ವಾಲ್ಯೂಮ್ ಕಂಟ್ರೋಲ್ ತರದ, ತಿರುಗಿಸುವ ರೆಸಿಸ್ಟರ್) ತೆಗೆದುಕೊಳ್ಳಿ. ಅದರ ಎರಡೂ ತುದಿಗೆ ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ, ಆಮೇಲೆ 5 ವೋಲ್ಟ್ ಮತ್ತು ಗ್ರೌಂಡ್‌ಗೆ ಕೊಡಿ. ಆರ್ಡುಯಿನೋ ಅನಲಾಗ್ ಪಿನ್ 0ಯಿಂದ 1023ರವರೆಗೆ ಓದುತ್ತದೆ. ಈ ರೆಸಿಸ್ಟರ್ ಇದ್ದರೆ ಡಯಲ್ ಪೂರ್ತಿ ಆಚೆ ಈಚೆ ತಿರುಗಿಸಿದರೂ ಓದು 85ಕ್ಕಿಂತ ಕೆಳಗೆ, 938ಕ್ಕಿಂತ ಮೇಲೆ ಹೋಗುವುದಿಲ್ಲ. ಹೋದರೆ ಯಾವುದೋ ವೈರ್ ಕಿತ್ತಿದೆ ಅಥವಾ ಶಾರ್ಟ್ ಆಗಿದೆ. ನಡುವಿನ ಪಿನ್ನಿನ ವೈರ್ ಕಿತ್ತರೆ ಓದು ಗಾಳಿಯಲ್ಲಿ ತೇಲುತ್ತದೆ, ಅದಕ್ಕೆ ಬೋರ್ಡಿನ ಹತ್ತಿರವೇ ಆ ಪಿನ್ನಿನಿಂದ ಗ್ರೌಂಡ್‌ಗೆ 470 ಕಿಲೋಓಮ್ ಹಾಕಿ, ಆಗ ಅದು ಸೊನ್ನೆಗೆ ಬೀಳುತ್ತದೆ. ಕೋಡಿನಲ್ಲಿ 40ರ ಕೆಳಗೆ ಅಥವಾ 980ರ ಮೇಲೆ ಬಂದರೆ ಪೆಟ್ರೋಲ್ ಬದಲಾವಣೆ ಸೊನ್ನೆ, ಟೈಮಿಂಗ್ ಪೂರ್ತಿ ರಿಟಾರ್ಡ್ ಅಂತ ಬರೆಯಿರಿ. ಒಂದು ದೀಪವೂ ಉರಿಯಲಿ.

ಪೆಟ್ರೋಲ್ ಡಯಲ್‌ನ ನಡುಭಾಗದಲ್ಲಿ ಸ್ವಲ್ಪ ತಿರುಗಿಸಿದರೂ ಏನೂ ಬದಲಾಗದ ಹಾಗೆ ಜಾಗ ಬಿಡಿ, ಇಲ್ಲದಿದ್ದರೆ ಗಾಡಿಯ ಅದುರಾಟಕ್ಕೇ ಅಂಕಿ ಕುಣಿಯುತ್ತಿರುತ್ತದೆ. ಇನ್ನೊಂದು, ಶೇಕಡಾ ಲೆಕ್ಕವನ್ನು ಇಂಜೆಕ್ಟರ್ ತೆರೆದುಕೊಳ್ಳಲು ತೆಗೆದುಕೊಳ್ಳುವ ಸಮಯದ ಮೇಲೆ ಹಾಕಬೇಡಿ. ಐಡಲ್‌ನಲ್ಲಿ ಇಂಜೆಕ್ಟರ್‌ಗೆ ಒಂದು ಸಲಕ್ಕೆ ಹೋಗುವ ಪೂರ್ತಿ ಪಲ್ಸ್ ಎರಡು ಮೂರು ಮಿಲಿಸೆಕೆಂಡ್ ಇದ್ದರೆ, ಅದರಲ್ಲಿ ಒಂದರ ಆಸುಪಾಸು ಬರೀ ತೆರೆದುಕೊಳ್ಳುವುದಕ್ಕೇ ಹೋಗುತ್ತದೆ. ಉಳಿದದ್ದಕ್ಕೆ ಮಾತ್ರ ಹತ್ತು ಶೇಕಡಾ ಹಾಕಿ.

ಗ್ರೌಂಡನ್ನು ಬಾಡಿಗೆ ಕೊಡಬೇಡಿ, ಬೋರ್ಡಿನ ಸೆನ್ಸರ್ ಗ್ರೌಂಡ್‌ಗೇ ತನ್ನಿ. ಕಾರವಾರದ ಉಪ್ಪು ಗಾಳಿಗೆ ಬಾಡಿ ಬೋಲ್ಟಿನ ಗ್ರೌಂಡ್ ಒಂದು ಮಳೆಗಾಲ ತಡೆದರೆ ದೊಡ್ಡದು, ಕೆಳಗೆ ಹಸಿರು ಪುಡಿ ಕಟ್ಟಿಕೊಳ್ಳುತ್ತದೆ. ನಿಮ್ಮ ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೆಂಬುದೂ ಇಲ್ಲ. ಸೀಲ್ ಆದ ಪಾಟ್, ಶೀಲ್ಡ್ ಇರುವ ವೈರ್, ಜೋಡಣೆಯ ಮೇಲೆ ಹೀಟ್ ಶ್ರಿಂಕ್.

ಬಂದರು ರಸ್ತೆ (ಕಾರವಾರ)

ಕಾನೂನಿನ ಕಡೆಯೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಹಾಕಿದ್ದನ್ನು ಆರ್‌ಟಿಒದಲ್ಲಿ ಕೇಳಿ ಲಿಖಿತವಾಗಿ ಸರಿಮಾಡಿಕೊಳ್ಳುವುದು ಒಳ್ಳೆಯದು, ಇನ್ಶೂರೆನ್ಸ್ ಕ್ಲೇಮ್ ಬಂದಾಗ ಅದೇ ಅಡ್ಡ ಬರುತ್ತದೆ. ಹೊಗೆ ಪರೀಕ್ಷೆಗೆ ಹೋಗುವಾಗ ಡಯಲ್ ಸೊನ್ನೆಯಲ್ಲಿರಲಿ ಎಂದು ಮಾತ್ರ ಹೇಳುತ್ತಿಲ್ಲ, ರಸ್ತೆಯ ಮೇಲೂ ಐಡಲ್ ಮತ್ತು ನಿಧಾನ ಓಟದಲ್ಲಿ ಡಯಲ್ ಕೆಲಸ ಮಾಡದ ಹಾಗೆ ಕೋಡಿನಲ್ಲೇ ಕಟ್ಟಿಬಿಡಿ. ನಮ್ಮ ಹಿಂದೆ ಬೈಕಿನಲ್ಲಿ ಬರುವವರು ಆ ಹೊಗೆ ಕುಡಿಯಬೇಕಲ್ಲ.

ಹಳೇ ಸ್ಪ್ಯಾನರ್ (ಕುಮಟಾ)

ಈ ಮಾತು ಚೆನ್ನಾಗಿದೆ. ಲೋಡ್ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಡಯಲ್.

ಘಟ್ಟದ ಜಿಪ್ಸಿ (ಶಿರಸಿ)

ಕೆಲಸ ಮುಗಿಸಿ ಓಡಿಸಿ ನೋಡಿದೆ, ಅದನ್ನು ಬರೆಯುತ್ತಿದ್ದೇನೆ. ಡಯಲ್ ಎರಡೂ ಗೇರ್ ಲಿವರ್ ಮುಂದೆ ಕೂರಿಸಿದ್ದೇನೆ. ವೈರ್ ಒಂದೊಂದೇ ಕಿತ್ತು ನೋಡಿದೆ, ದೀಪ ಉರಿಯಿತು, ಟೈಮಿಂಗ್ ಲೈಟ್ ಹಿಡಿದರೆ ಗುರುತು ಆರು ಡಿಗ್ರಿ ಹಿಂದೆ ಸರಿಯಿತು. (ಆ ಪರೀಕ್ಷೆ ಮಾಡುವಾಗ ಮಾತ್ರ ಲೋಡ್ ಮಿತಿ ತೆಗೆದಿದ್ದೆ.)

ಕತಗಾಲ ದಾಟಿ ಏರು ಶುರುವಾದ ಮೇಲೆ ತಮ್ಮನನ್ನು ಓಡಿಸಲು ಬಿಟ್ಟು ನಾನು ಮೀಟರ್ ನೋಡುತ್ತಾ ಕೂತೆ. ಕೆಳಗಿನ ತಿರುವುಗಳಲ್ಲಿ ಫುಲ್ ಲೋಡ್‌ನಲ್ಲಿ ಲ್ಯಾಂಬ್ಡಾ 0.91. ಪೆಟ್ರೋಲ್ ನಾಲ್ಕು ಶೇಕಡಾ ಏರಿಸಿದರೆ 0.87ಕ್ಕೆ ಬಂತು, ನೀವು ಹೇಳಿದ ಇ20 ಲೆಕ್ಕ ಸರಿಯಾಗಿ ಕೂತಿತು. ಆದರೆ ಮೇಲೆ ಹೋದಂತೆ, ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನ ಏರುವಾಗ, ಅದೇ ಡಯಲ್ ಇದ್ದರೂ 0.93ಕ್ಕೆ ಹೋಯಿತು, ಟಕಟಕ ಸದ್ದೂ ಅಲ್ಲೇ. ಟೈಮಿಂಗ್ ಮೂರು ಡಿಗ್ರಿ ಹಿಂದೆ ತಂದಾಗ ಸದ್ದು ನಿಂತಿತು. ಪೆಟ್ರೋಲ್ ಇನ್ನೂ ಆರು ಶೇಕಡಾ ಬೇಡುತ್ತಿದೆ. ಮೇಲೆ ಬಂಡಲ ದಾಟಿ ಗಾಳಿ ಹೊಡೆಯುವ ಹಾಗೆ ಓಡಿಸಿದರೆ ಐದು ನಿಮಿಷದಲ್ಲಿ ತಾನೇ ಸರಿಯಾಯಿತು. ಒಂದೇ ಲೋಡ್, ಒಂದೇ ಆರ್‌ಪಿಎಂ, ಆದರೂ ಎರಡು ಉತ್ತರ. ಇದು ಟೇಬಲ್ ತಪ್ಪಾಗಲು ಸಾಧ್ಯವಿಲ್ಲ ಅಲ್ವಾ?

ಕಾಳಿ ತೀರ (ಕಾರವಾರ)

ಟೇಬಲ್ ತಪ್ಪಲ್ಲ. ಇನ್‌ಟೇಕ್ ಗಾಳಿಯ ಸೆನ್ಸರ್ ಎಲ್ಲಿ ಕೂರಿಸಿದ್ದೀರಿ? ಲಾಗ್‌ನಲ್ಲಿ ಆ ಹೊತ್ತಿಗೆ ಅದು ಎಷ್ಟು ತೋರಿಸಿದೆ?

ಘಟ್ಟದ ಜಿಪ್ಸಿ (ಶಿರಸಿ)

ಮ್ಯಾನಿಫೋಲ್ಡಿನ ಅಲ್ಯುಮಿನಿಯಂಗೇ ತೂತು ಹೊಡೆದು ಹಾಕಿದ್ದೇವೆ. ಲಾಗ್‌ನಲ್ಲಿ 71 ಡಿಗ್ರಿ. ಹೊರಗೆ ಹೆಚ್ಚೆಂದರೆ 32 ಇದ್ದಿರಬೇಕು.

ಕಾಳಿ ತೀರ (ಕಾರವಾರ)

ಹಾಗಾದರೆ ಅದೇ. ನಿಧಾನ ಏರುವಾಗ ಇಂಜಿನ್ ಬಿಸಿ ಲೋಹದಿಂದ ನೇರ ಸೆನ್ಸರ್‌ಗೆ ಏರುತ್ತದೆ. ಒಳಗೆ ಹೋಗುವ ಗಾಳಿ ಅಷ್ಟು ಬಿಸಿ ಇರುವುದಿಲ್ಲ, ಆದರೆ ಸೆನ್ಸರ್ 71 ಎಂದರೆ ಬೋರ್ಡ್ ಗಾಳಿ ತೆಳುವಾಗಿದೆ ಎಂದು ಪೆಟ್ರೋಲ್ ಕಡಿತ ಮಾಡುತ್ತದೆ. ಇಂಜಿನ್ ಅತಿ ಕಷ್ಟಪಡುವ ಹೊತ್ತಿಗೇ ಲೀನ್ ಆಗುತ್ತದೆ. ಸೆನ್ಸರನ್ನು ಅಲ್ಲಿಂದ ತೆಗೆದು ಏರ್ ಫಿಲ್ಟರ್ ಡಬ್ಬಿಯ ನಂತರದ ರಬ್ಬರ್ ಅಥವಾ ಪ್ಲಾಸ್ಟಿಕ್ ಪೈಪಿಗೆ ಹಾಕಿ, ತುದಿ ತೆರೆದಿರುವ ಸೆನ್ಸರ್ ಸಿಕ್ಕರೆ ಇನ್ನೂ ಒಳ್ಳೆಯದು. ಇ20ಯ ನಾಲ್ಕು ಶೇಕಡಾವನ್ನು ಟೇಬಲ್‌ಗೇ ಸೇರಿಸಿ, ಡಯಲ್ ಸೊನ್ನೆಗೆ ತನ್ನಿ. ಟೈಮಿಂಗ್ ಡಯಲನ್ನು ಮಾತ್ರ ಸೆನ್ಸರ್ ಬದಲಿಸಿ ಮತ್ತೆ ಲೋಡ್ ಹಾಕಿ ನೋಡುವವರೆಗೆ ಮೂರು ಡಿಗ್ರಿ ಹಿಂದೆಯೇ ಇಟ್ಟಿರಿ. ಮುಂದಿನ ಸಲ ಕುಮಟಾದಿಂದ ಹತ್ತುವಾಗ ಲಾಗ್ ಹಿಡಿದು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.